‘ಲಕ್ಷ್ಯ’ ಹಿಂದಿ ಸಿನಿಮಾ 2004ರಲ್ಲಿ ಯಾಕೆ ಓಡಲಿಲ್ಲ? ಆಗ ಟಾಕೀಸಿನಲ್ಲಿ ನೋಡಿದವರು ಹೇಳಿ

ಕುವೆಂಪುನಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೆಯ ಸಿನಿಮಾ ಬಗ್ಗೆ ತಿಳಿದವರು ಜಾಸ್ತಿ ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ನಾನು ಮೈಸೂರಿನವಳು. ಡಿಗ್ರಿ ಕೊನೆಯ ವರ್ಷ. ಎನ್‌ಸಿಸಿಯಲ್ಲಿದ್ದೇನೆ, ಸೈನ್ಯದ ಅಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅದು ಪಾಸಾಗಿ, ಎಸ್‌ಎಸ್‌ಬಿ ಅನ್ನುವ ಆಯ್ಕೆ ಸಂದರ್ಶನದ ಐದು ದಿನ ದಾಟಿದರೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ (ಒಟಿಎ) ತರಬೇತಿ. ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಎಲ್ಲರಿಗೂ ‘ಲಕ್ಷ್ಯ’ ಬಾಯಿಪಾಠ. ಇಬ್ಬರ ಫೋನಿನಲ್ಲಿ ಬೆಳಗಿನ ಅಲಾರಂ ಕೂಡ ಅದರ ಟೈಟಲ್ ಹಾಡೇ.

ಕಳೆದ ಭಾನುವಾರ ಅಪ್ಪನ ಜೊತೆ ಕೂತು ಇದನ್ನು ನೋಡಿದೆ. ನಾನು ಸೈನ್ಯಕ್ಕೆ ಹೋಗುತ್ತೇನೆ ಅಂದಾಗಿನಿಂದ ಅಪ್ಪ ಈ ಸಿನಿಮಾದ ಹೆಸರು ಬಂದರೆ ಒಂದೇ ಮಾತು ಹೇಳುತ್ತಿದ್ದರು: ‘ಅದರಲ್ಲಿ ಯುದ್ಧಾನೇ ಇಲ್ಲ ಕಣೆ.’ ನನಗೆ ಅರ್ಥವೇ ಆಗುತ್ತಿರಲಿಲ್ಲ. ಅರ್ಧ ಸಿನಿಮಾ ಕಾರ್ಗಿಲ್ ಇದೆಯಲ್ಲ!

ಭಾನುವಾರ ವಿಷಯ ಹೊರಬಂತು. ಅಪ್ಪನಿಗೆ ಆಗ 24. ಅಗ್ರಹಾರದ ಹತ್ತಿರ ಒಂದು ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ, ಮನೆ ವರುಣಾ ಕಡೆ ಹಳ್ಳಿಯಲ್ಲಿ. ಒಂದು ಗುರುವಾರ ಅಂಗಡಿ ಮುಗಿಸಿ ಸ್ನೇಹಿತನ ಜೊತೆ ಫಸ್ಟ್ ಶೋಗೆ ಹೋದರಂತೆ. ಇಡೀ ಬಾಲ್ಕನಿಯಲ್ಲಿ ಹತ್ತು ಹದಿನೈದು ಜನ. ಇಂಟರ್‌ವಲ್‌ನಲ್ಲಿ ಗಡಿಯಾರ ನೋಡಿದರು. ಪೂರ್ತಿ ನೋಡಿದರೆ ಕೊನೆಯ ಬಸ್ಸು ತಪ್ಪುತ್ತದೆ. ಎದ್ದು ಬಂದುಬಿಟ್ಟರು. ಅಂದರೆ ನಮ್ಮಪ್ಪ 20 ವರ್ಷಕ್ಕೂ ಜಾಸ್ತಿ ಕಾಲ ಅರ್ಧ ಸಿನಿಮಾ ನೋಡಿ ಅಭಿಪ್ರಾಯ ಹೇಳುತ್ತಿದ್ದರು.

ಭಾನುವಾರ ಎರಡನೇ ಅರ್ಧ ಮೊದಲ ಸಲ ನೋಡಿದರು. ಕತ್ತಲಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವಾಗ ಕಾಫಿ ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ. ಮುಗಿದ ಮೇಲೆ ‘ಇದೆಲ್ಲ ಆಗಲೂ ಇತ್ತಾ?’ ಅಂದರು.

ಅದಕ್ಕೇ ನನ್ನ ಪ್ರಶ್ನೆ. ಹೃತಿಕ್ ರೋಷನ್ ಇದ್ದರು, ಅಮಿತಾಭ್ ಬಚ್ಚನ್ ಇದ್ದರು. ‘ದಿಲ್ ಚಾಹ್ತಾ ಹೈ’ ಮಾಡಿದ ಫರ್ಹಾನ್ ಅಖ್ತರ್ ಅವರ ಎರಡನೇ ಚಿತ್ರ. ಕಥೆ ಜಾವೇದ್ ಅಖ್ತರ್ ಅವರದು. ಕಾರ್ಗಿಲ್ ಮುಗಿದು ಐದೇ ವರ್ಷ. ಇಷ್ಟಿದ್ದರೂ ಜನ ಯಾಕೆ ಬರಲಿಲ್ಲ? ಬಸ್ಸೊಂದೇ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ.

ಟಾಕೀಸಿನವನು:

ತಾಯಿ, ಬಸ್ಸನ್ನು ಸಣ್ಣ ಕಾರಣ ಅಂದುಕೊಳ್ಳಬೇಡ. ನಾನು ಮೈಸೂರಿನ ಒಂದು ಟಾಕೀಸಿನಲ್ಲಿ 22 ವರ್ಷ ಕೆಲಸ ಮಾಡಿದವನು. ಮೊದಲು ಗೇಟು, ಆಮೇಲೆ ಆಪರೇಟರ್ ಹತ್ತಿರ ಸಹಾಯಕ. ಟಾಕೀಸಿನ ಹೆಸರು ಬೇಡ. ಅದು ಈಗ ಇಲ್ಲ.

ಆ ಚಿತ್ರ 186 ನಿಮಿಷ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಲೆಕ್ಕ ಹಾಕು, 16,700 ಅಡಿಗೂ ಜಾಸ್ತಿ. 5 ಕಿಲೋಮೀಟರ್ ಫಿಲ್ಮು. ಡಬ್ಬಗಳನ್ನು ಮೆಟ್ಟಿಲು ಹತ್ತಿಸಿದವನು ನಾನೇ, ತೂಕ ಇನ್ನೂ ಹೆಗಲಿಗೆ ನೆನಪಿದೆ. ಇಂಟರ್‌ವಲ್, ಸ್ಲೈಡು, ಜಾಹೀರಾತು ಸೇರಿದರೆ ಮೂರೂವರೆ ಗಂಟೆ. ದಿನಕ್ಕೆ ನಾಲ್ಕು ಆಟ ಹಾಕಬೇಕು. ಸಂಜೆ 6ಕ್ಕೆ ಬಿಟ್ಟರೆ 9:30ಕ್ಕೆ ಮುಗಿಯುತ್ತದೆ, ಗುಡಿಸುವುದಕ್ಕೂ ಹೊತ್ತಿಲ್ಲ. ಸೆಕೆಂಡ್ ಶೋ ಮುಗಿಯುವಾಗ ರಾತ್ರಿ ಒಂದು ಗಂಟೆ. ಮೈಸೂರಿನ ಟಾಕೀಸುಗಳು ಊರಿನವರಿಂದ ಮಾತ್ರ ತುಂಬುತ್ತಿರಲಿಲ್ಲ. ನಂಜನಗೂಡು, ವರುಣಾ, ಇಲವಾಲ, ಶ್ರೀರಂಗಪಟ್ಟಣದ ಕಡೆಯಿಂದ ಬರುವವರು ಸಿನಿಮಾ ಆರಿಸುವಾಗ ‘ಎಷ್ಟು ಹೊತ್ತಿಗೆ ಬಿಡ್ತೀರಾ?’ ಅಂತ ಬುಕಿಂಗಿನಲ್ಲೇ ಕೇಳುತ್ತಿದ್ದರು. ಟಿಕೆಟ್ ಕೊಡುವವನು ‘ಒಂಬತ್ತೂವರೆ’ ಅಂದ ಕೂಡಲೇ ಅರ್ಧ ಜನ ಸಾಲು ಬಿಡುತ್ತಿದ್ದರು. ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, 2003ರ ಡಿಸೆಂಬರ್‌ನಲ್ಲಿ ‘ಎಲ್ಒಸಿ ಕಾರ್ಗಿಲ್’ ಬಂದಿತ್ತು. ನಾಲ್ಕು ಗಂಟೆಗೂ ಮೇಲೆ. ಊರು ತುಂಬ ನಟರು, ಯಾರು ಯಾರೆಂದು ಗುರುತು ಸಿಗುವ ಹೊತ್ತಿಗೆ ಸತ್ತೇ ಹೋಗುತ್ತಿದ್ದರು. ಅದರಲ್ಲಿ ದಣಿದವರಿಗೆ ಆರೇ ತಿಂಗಳಲ್ಲಿ ಮತ್ತೊಂದು ಕಾರ್ಗಿಲ್ ಅಂದರೆ ಹೇಗೆ? ‘ಲಕ್ಷ್ಯ’ ಬಂದದ್ದು ಜೂನ್ 18ಕ್ಕೆ. ಸರಿಯಾಗಿ ಒಂದು ವಾರಕ್ಕೆ ಅಮಿತಾಭ್ ಅವರದ್ದೇ ‘ದೀವಾರ್’ ಬಂತು, ಅದೂ ಸೈನಿಕರ ಕಥೆ. ಜೂನ್ ಅಂದರೆ ಮಕ್ಕಳ ಫೀಸು, ಪುಸ್ತಕ, ಯೂನಿಫಾರಂ. ಮನೆ ಮಂದಿ ಸಿನಿಮಾಕ್ಕೆ ಬರುವ ತಿಂಗಳೇ ಅಲ್ಲ.

ಕಾಲ ಹೇಗಿತ್ತು ಅನ್ನುವುದನ್ನೂ ನೋಡು. ಗಡಿಯಲ್ಲಿ 2003ರ ನವೆಂಬರ್‌ನಲ್ಲಿ ಕದನ ವಿರಾಮ ಆಗಿತ್ತು. 2004ರ ಏಪ್ರಿಲ್‌ನಲ್ಲಿ ನಮ್ಮ ದ್ರಾವಿಡ್ ರಾವಲ್ಪಿಂಡಿಯಲ್ಲಿ 270 ಹೊಡೆದರು. ಪಾಕಿಸ್ತಾನದ ನೆಲದಲ್ಲಿ ನಾವು ಮೊದಲ ಸಲ ಟೆಸ್ಟ್ ಸರಣಿ ಗೆದ್ದದ್ದು ಆಗ. ಅಲ್ಲಿನ ಜನ ನಮ್ಮ ಹುಡುಗರಿಗೆ ಚಪ್ಪಾಳೆ ಹೊಡೆಯುವುದನ್ನು ಟಿವಿಯಲ್ಲಿ ನೋಡಿ ಎರಡೇ ತಿಂಗಳು. ಮನಸ್ಸು ಬೇರೆ ಕಡೆ ಇತ್ತು.

ಕೊನೆಗೆ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮೊದಲ ವಾರದ ಮಧ್ಯದಲ್ಲೇ ಜನ ಇಳಿದರು. ಮ್ಯಾನೇಜರ್ ಬಂದು ‘ಹತ್ತು ನಿಮಿಷ ಕಮ್ಮಿ ಮಾಡಿ’ ಅಂದರು. ಆ ಕಾಲದಲ್ಲಿ ಇದು ನಡೆಯುತ್ತಿತ್ತು. ಮೊದಲ ಅರ್ಧದಲ್ಲಿ ಹೃತಿಕ್ ಒಂಟಿಯಾಗಿ ಕುಣಿಯುವ ಹಾಡೊಂದಿದೆ, ‘ನಾನ್ಯಾಕೆ ಹೀಗೆ’ ಅಂತ ತನ್ನನ್ನೇ ಕೇಳಿಕೊಳ್ಳುವ ಹಾಡು. ‘ಕಥೆಗೇನೂ ಬೇಕಿಲ್ಲ’ ಅಂತ ಅದನ್ನು ಕತ್ತರಿಸಿದೆವು. ಆಚೆ ಈಚೆ ತುದಿ ಅಂಟಿಸಿದೆವು. ಡಬ್ಬ ವಾಪಸ್ ಕಳಿಸುವಾಗ ತುಂಡನ್ನು ಮತ್ತೆ ಸೇರಿಸಿದೆವು. ಆದರೆ ಆ ಎರಡು ಮೂರು ದಿನ ನೋಡಿದವರಿಗೆ ಆ ಹಾಡು ಸಿಗಲಿಲ್ಲ. ಅಂಟು ಹಾಕಿದ ಕೈ ನನ್ನದು. ಈಗ ಬೇಜಾರಾಗುತ್ತದೆ.

ಮೂಗೂರು ಸೀಮೆಯವಳು:

ಟಾಕೀಸಿನ ಅಣ್ಣ, ನೀವು ಕತ್ತರಿಸಿದ ಹಾಡು ಯಾವುದು ಗೊತ್ತಾ? ಅದರ ನೃತ್ಯಕ್ಕೆ ಪ್ರಭುದೇವ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪ್ರಭುದೇವ ಹುಟ್ಟಿದ್ದು ಮೈಸೂರಿನಲ್ಲಿ. ಅವರ ತಂದೆ ಸುಂದರಂ ಮಾಸ್ಟರ್ ನಮ್ಮ ಮೂಗೂರಿನವರು, ತಿ. ನರಸೀಪುರ ತಾಲ್ಲೂಕು. ತ್ರಿಪುರಸುಂದರಿ ಅಮ್ಮನ ಜಾತ್ರೆಗೆ ಹೋದವರಿಗೆಲ್ಲ ಗೊತ್ತಿರುವ ಊರು. ಬೈಯುತ್ತಿಲ್ಲ. ಆದರೆ ನಮ್ಮ ಮಣ್ಣಿನ ಹುಡುಗ ಕಟ್ಟಿದ ಹಾಡು ನಮ್ಮೂರಿನ ಪರದೆಯಲ್ಲೇ ಇರಲಿಲ್ಲ ಎಂದು ಓದಿ ಹೊಟ್ಟೆ ಚುರ್ ಅಂತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆ ಹೆಸರಿನ ಬಗ್ಗೆ ನನಗೊಂದು ಅನಿಸಿಕೆ ಇದೆ. ಹಿಂದಿಯವರಿಗೆ ‘ಲಕ್ಷ್ಯ’ ಅಂದರೆ ಗುರಿ. ನಮಗೆ ಬೇರೆ. ‘ಲಕ್ಷ್ಯ ಕೊಟ್ಟು ಕೇಳು’ ಅನ್ನುತ್ತೇವೆ. ‘ಓದಿನ ಕಡೆ ಲಕ್ಷ್ಯವೇ ಇಲ್ಲ’ ಅಂತ ಮಕ್ಕಳ ಮನೆಯವರು ದಿನಾ ಬಂದು ಹೇಳುತ್ತಾರೆ. ನಮ್ಮ ಕಿವಿಗೆ ಅದು ದೂರದ ಗುರಿಯಲ್ಲ, ಈಗ, ಇಲ್ಲಿ ಮನಸ್ಸಿಡುವುದು. ಈ ಅರ್ಥ ಇಟ್ಟುಕೊಂಡು ನೋಡಿದರೆ ಮೊದಲ ಅರ್ಧ ಬೇರೆಯೇ ಕಾಣುತ್ತದೆ. ಹೃತಿಕ್ ಮಾಡಿದ ಕರಣ್ ಕೆಟ್ಟ ಹುಡುಗನಲ್ಲ, ದಡ್ಡನೂ ಅಲ್ಲ. ಯಾವುದರ ಮೇಲೂ ಲಕ್ಷ್ಯ ನಿಲ್ಲದವನು. ಗೆಳೆಯನೊಬ್ಬ ಸೈನ್ಯ ಅಂದ, ಇವನೂ ಅಂದ. ಗೆಳೆಯ ಹಿಂದೆ ಸರಿದ. ಇವನು ಅಪ್ಪನ ಮೇಲಿನ ಹಟಕ್ಕೆ ಡೆಹ್ರಾಡೂನಿನ ಸೈನಿಕ ಅಕಾಡೆಮಿಗೆ ಹೋದ. ಅಲ್ಲಿಂದ ಓಡಿಬಂದ. ನನ್ನ ತರಗತಿಯಲ್ಲಿ ಇಂಥವರು ಪ್ರತಿ ವರ್ಷ ನಾಲ್ಕೈದು ಜನ ಇರುತ್ತಾರೆ. ಪರದೆಯ ಮೇಲೆ ಇಷ್ಟು ನಿಜವಾಗಿ ಇಂಥವರನ್ನು ನಾನು ಜಾಸ್ತಿ ಕಂಡಿಲ್ಲ.

ಆದರೆ ತಪ್ಪೆಲ್ಲ ಪ್ರೇಕ್ಷಕರದ್ದು ಅಂದರೆ ನಾನು ಒಪ್ಪುವುದಿಲ್ಲ. ಪೋಸ್ಟರಿನಲ್ಲಿ ಬಂದೂಕು ನೋಡಿ ಬಂದವರಿಗೆ ದೆಹಲಿಯ ಕಾಲೇಜು ಹುಡುಗರು ಸಿಕ್ಕರು. ಹೃತಿಕ್ ಅವರ ಪ್ರೇಮಕಥೆ ಬೇಕಿದ್ದವರು ಯೂನಿಫಾರಂ ನೋಡಿ ಬರಲೇ ಇಲ್ಲ. ಪ್ರೀತಿ ಜಿಂಟಾ ಮಾಡಿದ ರೋಮಿ ಮೊದಲ ಅರ್ಧದಲ್ಲಿ ಎಷ್ಟು ಗಟ್ಟಿ ಹುಡುಗಿ! ಅವನು ಓಡಿಬಂದಾಗ ‘ನಿನ್ನ ಮಾತು ನಂಬಿ ನಾನು ಹೇಗೆ ಬದುಕಲಿ’ ಅನ್ನುವಂತೆ ಎದ್ದು ಹೋಗುತ್ತಾಳೆ. ಎರಡನೇ ಅರ್ಧದಲ್ಲಿ ಟಿವಿ ವರದಿಗಾರ್ತಿಯಾಗಿ ಕಾರ್ಗಿಲ್‌ಗೆ ಬರುತ್ತಾಳೆ. ಆದರೆ ಅವಳ ಕೆಲಸಕ್ಕಿಂತ ಅವಳ ಕಣ್ಣೀರೇ ಜಾಸ್ತಿ. ಯುದ್ಧ ಬಿಗಿ ಹಿಡಿಯಬೇಕಾದಾಗ ಕಥೆ ಅವಳಿಗೋಸ್ಕರ ನಿಲ್ಲುತ್ತದೆ. ಟಾಕೀಸಿನಲ್ಲಿ ಜನ ಹೊರಗೆ ಎದ್ದು ಹೋಗುವ ಜಾಗ ಅದು.

ನಮ್ಮ ಜನರಿಗೆ ಇನ್ನೊಂದು ಅಳತೆಗೋಲೂ ಇತ್ತು. 1990ರ ‘ಮುತ್ತಿನ ಹಾರ’. ವಿಷ್ಣುವರ್ಧನ್, ಸುಹಾಸಿನಿ. ಅಲ್ಲಿ ಸೈನಿಕನ ಮನೆ ಕೊಡಗಿನಲ್ಲಿತ್ತು, ನಮ್ಮ ಪಕ್ಕದಲ್ಲೇ. ಅವನ ದುಃಖ ಕನ್ನಡದಲ್ಲಿತ್ತು. ಅದನ್ನು ಎದೆಗಿಟ್ಟುಕೊಂಡವರು ದೆಹಲಿ ಹುಡುಗನ ಜೊತೆ ಒಂದೂವರೆ ಗಂಟೆ ಸುಮ್ನೆ ಕೂರುವುದು ಕಷ್ಟ.

ಮಳವಳ್ಳಿ ತಂಬಿ:

ಈ ಮಾತುಕತೆಯನ್ನು ನನ್ನ ಮಗ ತೋರಿಸಿದ. ಟೈಪ್ ಮಾಡುತ್ತಿರುವವನೂ ಅವನೇ, ಹೇಳುತ್ತಿರುವವನು ನಾನು.

1996ರಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಂಗಳೂರಿನ ಎಂಇಜಿಗೆ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದೆ, ಹಲಸೂರು ಕೆರೆ ಪಕ್ಕದ್ದು. ಸೈನ್ಯದಲ್ಲಿ ನಮ್ಮನ್ನು ‘ತಂಬಿ’ ಅನ್ನುತ್ತಾರೆ. ಕನ್ನಡದವನಾಗಲಿ ತೆಲುಗಿನವನಾಗಲಿ, ತಂಬಿಯೇ. ಸಾಹೇಬರು ಎದುರಿಗೆ ಬಂದರೆ ‘ವಣಕ್ಕಂ ಸಾಬ್’. 17 ವರ್ಷ ಸೇವೆ ಮಾಡಿ ಹವಾಲ್ದಾರನಾಗಿ ಊರಿಗೆ ಬಂದೆ. ಈಗ ಕಬ್ಬು, ಸ್ವಲ್ಪ ಹಿಪ್ಪುನೇರಳೆ.

1999ರಲ್ಲಿ ನಾನು ಕಾರ್ಗಿಲ್‌ನಲ್ಲಿ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಊರಿನಲ್ಲಿ ಜನ ತಾವೇ ಅಂದುಕೊಂಡು ಹಾರ ಹಾಕಲು ಬರುತ್ತಾರೆ. ಆಗ ನಾವು ಪಂಜಾಬಿನ ಬಯಲಿನಲ್ಲಿ ಕಾಯುತ್ತಿದ್ದೆವು. ಕಾರ್ಗಿಲ್‌ಗೆ ಹೋದವರಲ್ಲಿ 527 ಜನ ವಾಪಸ್ ಬರಲಿಲ್ಲ. ಅವರ ಪಾಲಿನ ಮಾತು ನಾನು ಆಡಬಾರದು. ನಾನು ಕಾರ್ಗಿಲ್ ಕಡೆಯ ಡ್ರಾಸ್‌ಗೆ ಹೋದದ್ದು 2004ರಲ್ಲಿ, ಯುದ್ಧ ಮುಗಿದು ಐದು ವರ್ಷಕ್ಕೆ.

ಮಗಳೇ, ಮೊದಲು ಎತ್ತರದ ಲೆಕ್ಕ ಹೇಳುತ್ತೇನೆ. ನಿನಗೆ ಬೇಕಾಗುತ್ತದೆ. ಸಿನಿಮಾದಲ್ಲಿ ಹಿಡಿಯಬೇಕಾದ ಬೆಟ್ಟ ಪಾಯಿಂಟ್ 5179. ಆ ಹೆಸರಿನ ಬೆಟ್ಟ ಕಥೆಗಾಗಿ ಕಟ್ಟಿದ್ದು. ಆದರೆ ಹೆಸರಿಡುವ ರೀತಿ ನಿಜ, ಹೆಸರಿಲ್ಲದ ತುದಿಗೆ ಅದರ ಎತ್ತರವೇ ಹೆಸರು. 5179 ಮೀಟರ್ ಅಂದರೆ ಸುಮಾರು 17 ಸಾವಿರ ಅಡಿ. ನಿಮ್ಮ ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಹೆಚ್ಚು ಕಡಿಮೆ 1,060 ಮೀಟರ್. ಅದರ ಐದರಷ್ಟು. ಅಲ್ಲಿಗೆ ಲಾರಿಯಿಂದ ಇಳಿದು ನೇರ ಹೋಗುವ ಹಾಗಿಲ್ಲ. 9 ಸಾವಿರ ಅಡಿ ದಾಟಿದ ಮೇಲೆ ಆರು ದಿನ, 12 ಸಾವಿರ ದಾಟಿದ ಮೇಲೆ ನಾಲ್ಕು ದಿನ, 15 ಸಾವಿರ ದಾಟಿದ ಮೇಲೆ ಮತ್ತೆ ನಾಲ್ಕು ದಿನ ಮೈ ಒಗ್ಗಿಸಬೇಕು. ಆತುರ ಮಾಡಿದವನ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲ ವಾರ ನಾನು ಶೂ ಲೇಸ್ ಕಟ್ಟಲು ಬಗ್ಗಿದರೆ ಎದ್ದು ನಿಂತು ಉಸಿರು ಎಣಿಸಬೇಕಿತ್ತು. ಊರಿನಲ್ಲಿ ಮೂಟೆ ಹೊತ್ತು ಓಡುತ್ತಿದ್ದ ಹುಡುಗ.

ಡ್ರಾಸ್‌ನ ರಸ್ತೆಯಲ್ಲಿ ನಿಂತು ಟೊಲೊಲಿಂಗ್ ಬೆಟ್ಟದ ಕಡೆ ನೋಡಿದರೆ ಅಲ್ಲಿ ಏನಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಮೇಲೆ ಕೂತವನಿಗೆ ಶ್ರೀನಗರ–ಲೇಹ್ ರಸ್ತೆಯ ಒಂದೊಂದು ಲಾರಿಯೂ ಕಾಣುತ್ತದೆ. ಕೆಳಗಿನಿಂದ ಹತ್ತುವವನಿಗೆ ಮರೆಯಾಗಲು ಒಂದು ಗಿಡ ಇಲ್ಲ. ಅದಕ್ಕೇ ರಾತ್ರಿಯೇ ಹತ್ತಬೇಕಿತ್ತು. ಟೊಲೊಲಿಂಗ್ ಕೈಗೆ ಸಿಕ್ಕಿದ್ದು ಜೂನ್ 13ಕ್ಕೆ, ವಾರಗಟ್ಟಲೆ ಹೋರಾಡಿದ ಮೇಲೆ. ಟೈಗರ್ ಹಿಲ್ ಜುಲೈ 4ಕ್ಕೆ. ಅಲ್ಲಿ ಶತ್ರು ‘ಇಲ್ಲಿಂದ ಯಾರೂ ಬರಲಾರರು’ ಅಂದುಕೊಂಡಿದ್ದ ಕಡಿದಾದ ಬಂಡೆಯ ಕಡೆಯಿಂದ ‘18 ಗ್ರೆನೇಡಿಯರ್ಸ್’ ಪಡೆಯವರು ಹಗ್ಗ ಹಿಡಿದು ಹತ್ತಿದರು. ಆದ್ದರಿಂದ ಸಿನಿಮಾದ ಆ ಬಂಡೆ ಹತ್ತುವುದು ಬುರುಡೆ ಅಲ್ಲ, ನಿಮ್ಮ ಅಪ್ಪಾಜಿಗೆ ಹೇಳು.

ಈಗ ನಾವು ಅದನ್ನು ನೋಡಿದ ಬಗೆ. ಆ ಚಳಿಗಾಲ ಶ್ರೀನಗರದ ಕಡೆಯ ಜೋಜಿಲಾ ಕಣಿವೆ ದಾರಿ ಹಿಮದಿಂದ ಮುಚ್ಚಿತ್ತು. ಇನ್ನು ಏಪ್ರಿಲ್ ತನಕ ರಸ್ತೆಯಲ್ಲಿ ಯಾರೂ ಬರುವುದಿಲ್ಲ. ಪತ್ರ ಬಂದರೆ ಹೆಲಿಕಾಪ್ಟರಿನಲ್ಲಿ. ರಜೆಯಿಂದ ಬಂದ ಒಬ್ಬ ಹುಡುಗ ಸಿಡಿ ತಂದಿದ್ದ. ಮನರಂಜನೆಗೆ ಅಂತ ಜನರೇಟರ್ ರಾತ್ರಿ ಎರಡೇ ಗಂಟೆ. ಎಣ್ಣೆ ಉಳಿಸಬೇಕಲ್ಲ. ಮೂರು ಗಂಟೆಯ ಸಿನಿಮಾ ಎರಡು ರಾತ್ರಿ ಮಾಡಿದೆವು. ನಿಮ್ಮ ಅಪ್ಪಾಜಿಗೆ 20 ವರ್ಷದ ಇಂಟರ್‌ವಲ್, ನಮಗೆ ಒಂದು ದಿನದ್ದು.

ಮೊದಲ ರಾತ್ರಿ ಮುಗಿದ ಮೇಲೆ ಯಾರೂ ಮಲಗಲಿಲ್ಲ. ಬುಖಾರಿ, ಅಂದರೆ ಚಳಿ ಕಾಯಿಸುವ ಸೀಮೆಎಣ್ಣೆ ಒಲೆಯ ಸುತ್ತ ಕೂತು ಮಾತೇ ಮಾತು. ಯುದ್ಧದ್ದಲ್ಲ. ಆ ಹುಡುಗ ಅಕಾಡೆಮಿಯಿಂದ ಓಡಿಹೋದ ಬಗ್ಗೆ. ಒಬ್ಬೊಬ್ಬನೂ ತನ್ನ ಕಥೆ ತೆಗೆದ. ಕೋಲಾರದವನೊಬ್ಬ ಗೇಟು ತನಕ ಹೋಗಿದ್ದನಂತೆ. ನಾನು ಗೇಟು ತನಕ ಹೋಗಲಿಲ್ಲ, ಆದರೆ ಹೊರಡಲು ತಯಾರಾಗಿದ್ದೆ. ಸೇರಿ ಮೂರನೇ ವಾರ. ತರಬೇತಿ ಕೊಡುವ ಉಸ್ತಾದರು ಒಂದು ತಪ್ಪಿಗೆ ಇಡೀ ಸ್ಕ್ವಾಡಿಗೆ ಶಿಕ್ಷೆ ಕೊಟ್ಟಿದ್ದರು, ತಪ್ಪು ನನ್ನದು. ರಾತ್ರಿ ಪೆಟ್ಟಿಗೆಯಲ್ಲಿ ಬಟ್ಟೆ ಮಡಚಿದೆ. ಮಳವಳ್ಳಿಗೆ ಬಸ್ ಚಾರ್ಜು ಎಷ್ಟು ಅಂತ ಎಣಿಸಿ ಅಂಗಿ ಜೇಬಿಗೆ ಹಾಕಿಕೊಂಡೆ. ಪಕ್ಕದ ಮಂಚದವನು ಕಣ್ಣು ಮುಚ್ಚಿಕೊಂಡೇ ‘ಊರಲ್ಲಿ ಏನಂತ ಹೇಳ್ತೀಯ?’ ಅಂದ. ಅಷ್ಟೇ ಕೇಳಿದ್ದು. ಬೆಳಗಿನ ತನಕ ಪೆಟ್ಟಿಗೆ ಮೇಲೆ ಕೂತಿದ್ದೆ, ಆಮೇಲೆ ಪರೇಡಿಗೆ ಹೋದೆ. ಆ ಚಿಲ್ಲರೆ ತುಂಬ ದಿನ ಹಾಗೇ ಇಟ್ಟುಕೊಂಡಿದ್ದೆ.

ಟಾಕೀಸಿನಲ್ಲಿ ಜನರಿಗೆ ಬೇಸರ ತಂದ ಭಾಗ ಇದೇ ಅಲ್ವಾ? ನಮಗೆ ಅದೇ ನಿಜ ಅನ್ನಿಸಿತು. ಗುಂಡು ಹಾರುವುದನ್ನು ಎಷ್ಟೋ ಸಿನಿಮಾ ತೋರಿಸಿದ್ದವು. ಓಡಿಹೋದವನು ನಾಚಿಕೆ ಹೊತ್ತುಕೊಂಡು ಅದೇ ಗೇಟಿಗೆ ವಾಪಸ್ ಬಂದು, ಎಲ್ಲರ ಎದುರು ಶಿಕ್ಷೆ ಅನುಭವಿಸಿ, ಮತ್ತೆ ಸಾಲಿನಲ್ಲಿ ನಿಲ್ಲುವುದನ್ನು ಯಾರು ತೋರಿಸಿದ್ದರು? ಕಾರ್ಗಿಲ್ ಬೆಟ್ಟಕ್ಕಿಂತ ಆ ಗೇಟು ಕಷ್ಟ. ಮಾತು ದೊಡ್ಡದಾಯಿತು ಅಂತ ಮಗ ಹೇಳುತ್ತಿದ್ದಾನೆ. ಇರಲಿ, ಹಾಗೇ ಬರಿ ಅಂದಿದ್ದೇನೆ.

ಎರಡನೇ ರಾತ್ರಿ. ಕೊನೆಯ ದಾಳಿಗೆ ಹೋಗುವ ಮೊದಲು ಹುಡುಗ ಅಪ್ಪನಿಗೆ ಫೋನ್ ಮಾಡುತ್ತಾನೆ. ಬೊಮನ್ ಇರಾನಿ ಮಾಡಿದ್ದಾರಲ್ಲ, ಆ ಅಪ್ಪ. ಮಗ ಏನಾದರೂ ಆಗುತ್ತಾನೆ ಅಂತ ಎಂದೂ ನಂಬದವರು. ಆ ದೃಶ್ಯ ಬಂದಾಗ ಮೂವತ್ತು ಜನ ಇದ್ದ ಕೋಣೆಯಲ್ಲಿ ಬುಖಾರಿಯ ಸೀಮೆಎಣ್ಣೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಫೋನಿನ ಮುಂದೆ ಉದ್ದ ಸಾಲು. ನಾನೂ ನಿಂತೆ. ನಮ್ಮ ಮನೆಯಲ್ಲಿ ಆಗ ಫೋನ್ ಇರಲಿಲ್ಲ. ಊರಿನ ಅಂಗಡಿಗೆ ಮಾಡಬೇಕು, ಅಂಗಡಿಯವರು ಹುಡುಗನನ್ನು ಓಡಿಸಿ ಗದ್ದೆಯಿಂದ ಅಪ್ಪನನ್ನು ಕರೆಸಬೇಕು. ಇಟ್ಟು ಮತ್ತೆ ಮಾಡಿದೆ. ಅಪ್ಪ ಏದುಸಿರು ಬಿಡುತ್ತಾ ಬಂದರು. ‘ಏನಾಯ್ತು ಮಗ?’ ‘ಏನಿಲ್ಲ, ಸುಮ್ನೆ ಮಾಡ್ದೆ.’ ‘ಸುಮ್ನೆ ಯಾಕ್ ಮಾಡ್ದೆ, ದುಡ್ಡು ದಂಡ. ಊಟ ಆಯ್ತಾ?’ ಆಯ್ತು ಅಂದೆ. ಆಗಿರಲಿಲ್ಲ. ಅಷ್ಟೇ ಮಾತು. ಸಿನಿಮಾದಲ್ಲಿ ಅವನು ಅಪ್ಪನ ಹತ್ತಿರ ಮನಸ್ಸು ಬಿಚ್ಚುತ್ತಾನೆ. ನನಗೆ ಆಗಲಿಲ್ಲ. ಅಪ್ಪ 2011ರಲ್ಲಿ ತೀರಿಕೊಂಡರು. ಆ ಪೆಟ್ಟಿಗೆಯ ರಾತ್ರಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ತಪ್ಪುಗಳೂ ಇವೆ. ಹೀರೋ ಮುಖ ಚೆನ್ನಾಗಿ ಕಾಣಬೇಕು, ಅದಕ್ಕೆ ತುಟಿ ಒಡೆದಿಲ್ಲ. ನಮ್ಮ ತುಟಿಗಳು ಒಡೆದು, ನಗುವುದಕ್ಕೂ ಹೆದರಿಕೆಯಾಗುತ್ತಿತ್ತು. ಇನ್ನೊಂದು, ಯುದ್ಧದ ಸಿನಿಮಾಗಳು ನಮ್ಮ ತಂಬಿಗಳನ್ನು ತೋರಿಸುವುದೇ ಅಪರೂಪ. ಮೈನ್ ತೆಗೆದು ದಾರಿ ಮಾಡುವವರು, ಮಂಜಿನಲ್ಲಿ ಟ್ರ್ಯಾಕ್ ಕಡಿಯುವವರು, ನೀರು ಮೇಲಕ್ಕೆ ಸಾಗಿಸಲು ಹಾದಿ ಮಾಡುವವರು. ಬಾವುಟ ನೆಡುವವನ ಹಿಂದೆ ಇಷ್ಟೊಂದು ಜನ ಇರುತ್ತಾರೆ. ಆದರೆ ಓಂ ಪುರಿ ಮಾಡಿದ ಸುಬೇದಾರ್ ಮೇಜರ್ ಪ್ರೀತಮ್ ಸಿಂಗ್ ಮಾತ್ರ ಅಚ್ಚು. ಹೊಸ ಸಾಹೇಬನಿಗೆ ಗೌರವ ಕಡಿಮೆ ಮಾಡದೆ ಬುದ್ಧಿ ಹೇಳುವ ರೀತಿ, ಗೆದ್ದ ಕೂಡಲೇ ಮೈಮರೆಯಬೇಡಿ ಅನ್ನುವುದು, ಅಂಥ ಹಿರಿಯರ ಕೈಕೆಳಗೆ ಬೆಳೆದವನು ನಾನು. ನೀನು ಸಾಹೇಬಳಾಗಿ ಹೋದಾಗ ನಿನಗೂ ಅಂಥವರೊಬ್ಬರು ಸಿಗುತ್ತಾರೆ. ಅವರ ಮಾತು ಕೇಳು.

ಟಾಕೀಸಿನವನು:

ತಂಬಿಯವರೇ, ಓದಿ ಹೊರಗೆ ಹೋಗಿ ಸ್ವಲ್ಪ ನಿಂತು ಬಂದೆ. ನಾವು ಮೇಲಿನ ಕಿಂಡಿಯಿಂದ ಖಾಲಿ ಕುರ್ಚಿ ಎಣಿಸುತ್ತಿದ್ದೆವು. ಅಷ್ಟು ದೂರದಲ್ಲಿ ಎರಡು ರಾತ್ರಿ ಮಾಡಿಕೊಂಡು ಯಾರೋ ನೋಡುತ್ತಾರೆ ಅಂತ ಆಗ ಗೊತ್ತಿರಲಿಲ್ಲ.

ತಾಯಿ, ಅಪ್ಪ ಗುರುವಾರ ಹೋಗಿದ್ದರು ಅಂದೆಯಲ್ಲ. ನಾವು ಹಾಡು ಕತ್ತರಿಸಿದ್ದು ಮಂಗಳವಾರ. ಯಾವ ಟಾಕೀಸು ಅಂತ ಹೇಳಬೇಡ. ಆ ಹಾಡು ಅವರಿಗೆ ನೆನಪಿದೆಯಾ, ಅಷ್ಟು ಮಾತ್ರ ಕೇಳು.

ಕುವೆಂಪುನಗರದ ಹುಡುಗಿ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಮೇಡಂ, ರೋಮಿ ಬಗ್ಗೆ ನೀವು ಹೇಳಿದ್ದು ನನಗೂ ಅನ್ನಿಸಿತ್ತು, ಹೇಳಲು ಮಾತು ಸಿಕ್ಕಿರಲಿಲ್ಲ. ನಮ್ಮ ಕ್ಲಾಸಿನ ಹುಡುಗರು ಕರಣ್ ಆಗಬೇಕು ಅಂತಾರೆ. ನಾನೂ ಕರಣ್ ಆಗಬೇಕು ಅಂದುಕೊಂಡೇ ನೋಡಿದ್ದು, ರೋಮಿ ಅಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಇದೆಲ್ಲವನ್ನೂ ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಭಾನುವಾರ ನೋಡುವಾಗ ಆ ಹಾಡಿನ ಹೊತ್ತಿಗೆ ಅಪ್ಪನಿಗೆ ಅಂಗಡಿಯಿಂದ ಫೋನ್ ಬಂದು ಎದ್ದು ಹೋಗಿದ್ದರು. ಅದಕ್ಕೆ ಈಗ ಹಾಡೊಂದನ್ನೇ ಹಾಕಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ‘ಇದು ಇರಲಿಲ್ಲ’ ಅಂದರು. ಮರೆತಿರಬಹುದು ಅಂದೆ. ‘ಇಲ್ಲ ಕಣೆ. ಹೃತಿಕ್ ಡ್ಯಾನ್ಸ್ ಇದೆ ಅಂತಾನೇ ನಾವಿಬ್ಬರೂ ಹೋಗಿದ್ದು. ಡ್ಯಾನ್ಸೂ ಇಲ್ಲ, ಯುದ್ಧಾನೂ ಇಲ್ಲ ಅಂತ ಬೈಕೊಂಡು ಬಸ್ ಹತ್ತಿದ್ವಿ’ ಅಂದರು. ಟಾಕೀಸಿನ ಮಾಮ, ಅಪ್ಪನಿಗೆ ನಿಮ್ಮ ಮೇಲೆ ಕೋಪ ಇಲ್ಲ. ಅಂಗಡಿಗೆ ಬಂದರೆ ಕಾಫಿ ಕುಡಿಸುತ್ತೇನೆ ಅಂದಿದ್ದಾರೆ.

ಆಮೇಲೆ ಪೆಟ್ಟಿಗೆ ಮೇಲೆ ಕೂತ ಭಾಗವನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಸ್ವಲ್ಪ ಹೊತ್ತು ಬಿಟ್ಟು ‘ನಿನಗೆ ಅಲ್ಲಿ ಹಾಗೆ ಅನ್ನಿಸಿದರೆ ಫೋನ್ ಮಾಡು. ಏನಾಯ್ತು ಅಂತ ನಾನು ಕೇಳಲ್ಲ’ ಅಂದರು.

ತಂಬಿ ಅಂಕಲ್, ಒಂದು ಪ್ರಶ್ನೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಕ್ಲಾಸಿನ ಹುಡುಗರು ಬ್ಯಾಗಿಗೆ ಮರಳು ತುಂಬಿಕೊಂಡು ಹತ್ತುತ್ತಾರೆ. ನಾನೂ ಶುರು ಮಾಡಲಾ?

ಮಳವಳ್ಳಿ ತಂಬಿ:

ಈಗಲೇ ಬೇಡ ಮಗಳೇ. ಮಂಡಿ ಹಾಳಾಗುತ್ತದೆ. ಭಾರ ಹೊರುವುದನ್ನು ಅವರೇ ಕಲಿಸುತ್ತಾರೆ, ಅದಕ್ಕೆ ಹೊತ್ತಿದೆ. ಮೊದಲ ಎರಡು ತಿಂಗಳು ಖಾಲಿ ಬೆನ್ನಿನಲ್ಲಿ ನಂದಿ ತನಕ ನಿಲ್ಲದೆ ಹತ್ತು. ಇಳಿಯುವಾಗ ಓಡಬೇಡ. ಹೊಸ ಶೂ ಆದರೆ ಎಸ್‌ಎಸ್‌ಬಿಗೆ ಹೋಗುವ ತಿಂಗಳ ಮೊದಲೇ ಹಾಕಿ ಪಳಗಿಸು. ಅಪ್ಪಾಜಿಯನ್ನೂ ಒಂದು ಭಾನುವಾರ ಕರೆದುಕೊಂಡು ಹೋಗು, ಅವರು ನಿಧಾನವಾಗಿ ಬರಲಿ.